ಗಾಲಿಕುರ್ಚಿಯ ಕತೆಗಳು, ಸಭಾಂಗಣದ ಏಳು ಮೆಟ್ಟಿಲುಗಳು: ಒಂದು ಚಿತ್ರಸಮಾಜದ ಪ್ರಕರಣ

ಹಿನ್ನೆಲೆ

ಘಟ್ಟದ ಕೆಳಗಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಹಲವು ವರ್ಷಗಳಿಂದ ನಡೆದುಬಂದಿರುವ ಚಿತ್ರಸಮಾಜವೊಂದು, ಒಬ್ಬನೇ ನಟನ ಚಿತ್ರಗಳನ್ನು ತಿಂಗಳಿಗೊಂದರಂತೆ ಐದು ತಿಂಗಳು ತೋರಿಸಲು ಹೊರಟಾಗ ನಡೆದ ಸಂಗತಿಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಊರಿನ, ಸಮಾಜದ ಮತ್ತು ವ್ಯಕ್ತಿಗಳ ಹೆಸರುಗಳನ್ನು ಕೈಬಿಟ್ಟಿದ್ದೇನೆ. ಗುರುತು ಹಿಡಿಯಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಚಿತ್ರಗಳನ್ನು ಆರಿಸಿದ ಮೂವರ ಸಮಿತಿಯಲ್ಲಿ ನಾನೂ ಒಬ್ಬನಾಗಿದ್ದುದರಿಂದ ಮುಂದೆ ಹೇಳುವ ತಪ್ಪುಗಳಲ್ಲಿ ನನ್ನ ಪಾಲೂ ಇದೆ.

ಸಮಾಜಕ್ಕೆ ಎಪ್ಪತ್ತರಷ್ಟು ಸದಸ್ಯರಿದ್ದಾರೆ. ಶಾಲಾ ಶಿಕ್ಷಕರು, ಬ್ಯಾಂಕಿನಿಂದ ನಿವೃತ್ತರಾದವರು, ಹವ್ಯಾಸಿ ನಾಟಕ ತಂಡದ ಹುಡುಗರು, ಒಬ್ಬ ಟೈಲರ್, ಮೇಳದ ತಿರುಗಾಟ ನಿಲ್ಲಿಸಿ ಮನೆಯಲ್ಲಿರುವ ಒಬ್ಬ ಯಕ್ಷಗಾನ ವೇಷಧಾರಿ, ಹೀಗೆ ಎಲ್ಲ ಬಗೆಯವರೂ ಅದರಲ್ಲಿದ್ದಾರೆ. ಹೆಗ್ಗೋಡಿನಲ್ಲಿ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿದ ಮೇಲೆ ಸಣ್ಣ ಊರುಗಳಲ್ಲೂ ಇಂಥದ್ದು ಸಾಧ್ಯವೆಂಬ ನಂಬಿಕೆ ಹಲವರಲ್ಲಿ ಹುಟ್ಟಿತು. ನಮ್ಮದೂ ಆ ನಂಬಿಕೆಯ ದೂರದ ಮರಿ. ಪ್ರದರ್ಶನ ನಡೆಯುವುದು ಒಂದು ಹಳೆಯ ಶಾಲೆಯ ಸಭಾಂಗಣದಲ್ಲಿ. ಇಂಗ್ಲಿಷ್ ಅಡಿಬರಹವನ್ನು ಎಲ್ಲರೂ ಅಷ್ಟೇ ವೇಗವಾಗಿ ಓದಲಾರರಾದ್ದರಿಂದ, ಪ್ರತಿ ಚಿತ್ರಕ್ಕೂ ಕನ್ನಡದಲ್ಲಿ ಒಂದು ಪುಟದ ಪರಿಚಯದ ಹಾಳೆ ಸಿದ್ಧಪಡಿಸಿ ಬಾಗಿಲಲ್ಲೇ ಹಂಚುವುದು ನಮ್ಮ ರೂಢಿ. ಈ ಪ್ರಕರಣದ ಮುಕ್ಕಾಲು ಪಾಲು ಆ ಹಾಳೆಯದೇ ಕತೆ.

ಆರಿಸಿಕೊಂಡ ನಟ ಡೇನಿಯಲ್ ಡೇ-ಲೂಯಿಸ್. 1957ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ, ಕವಿ ಸೆಸಿಲ್ ಡೇ-ಲೂಯಿಸ್ ಅವರ ಮಗನಾದ ಈತ, ಶ್ರೇಷ್ಠ ನಟನಿಗಾಗಿರುವ ಆಸ್ಕರ್ ಪ್ರಶಸ್ತಿಯನ್ನು ಮೂರು ಸಲ ಪಡೆದಿರುವ ಏಕೈಕ ನಟ: 'ಮೈ ಲೆಫ್ಟ್ ಫುಟ್' (1989), 'ದೇರ್ ವಿಲ್ ಬಿ ಬ್ಲಡ್' (2007) ಮತ್ತು 'ಲಿಂಕನ್' (2012). ಚಿತ್ರಗಳ ನಡುವೆ ವರ್ಷಗಟ್ಟಲೆ ಮರೆಯಾಗುವುದು, ಒಂದು ಅವಧಿಯಲ್ಲಿ ಇಟಲಿಗೆ ಹೋಗಿ ಚಪ್ಪಲಿ ಹೊಲಿಯುವ ಕಸುಬು ಕಲಿತದ್ದು, 2017ರಲ್ಲಿ ನಟನೆ ಬಿಟ್ಟೆನೆಂದು ಸಾರಿ 2025ರಲ್ಲಿ ಮಗ ನಿರ್ದೇಶಿಸಿದ ಚಿತ್ರಕ್ಕಾಗಿ ಮರಳಿದ್ದು, ಇವೆಲ್ಲ ಆತನ ಸುತ್ತ ಒಂದು ಪ್ರಭಾವಳಿಯನ್ನು ಕಟ್ಟಿವೆ. ಪಾತ್ರಕ್ಕಾಗಿ ಆತ ಪಟ್ಟ ಪಾಡಿನ ಕತೆಗಳಂತೂ ಚಿತ್ರಗಳಿಗಿಂತ ಹೆಚ್ಚು ದೂರ ಪ್ರಯಾಣ ಮಾಡಿವೆ. ನಾವು ಆತನನ್ನು ಆರಿಸಿದ್ದಕ್ಕೆ ಆ ಕತೆಗಳೂ ಒಂದು ಕಾರಣವೆಂದು ಈಗ ಒಪ್ಪಿಕೊಳ್ಳಬೇಕು. ಜನ ಬರುತ್ತಾರೆ ಎಂಬ ಲೆಕ್ಕಾಚಾರ ನಮ್ಮಲ್ಲಿತ್ತು.

ಮೊದಲ ಸಂಜೆ

ಮೊದಲು ತೋರಿಸಿದ್ದು ಜಿಮ್ ಶೆರಿಡನ್ ನಿರ್ದೇಶನದ 'ಮೈ ಲೆಫ್ಟ್ ಫುಟ್'. ಮಿದುಳಿನ ತೊಂದರೆಯಿಂದ ಮೈಯ ಚಲನೆ ಹಿಡಿತಕ್ಕೆ ಸಿಗದ ಸೆರೆಬ್ರಲ್ ಪಾಲ್ಸಿಯೊಂದಿಗೆ ಡಬ್ಲಿನ್ನಿನ ಬಡ ಕುಟುಂಬದಲ್ಲಿ 1932ರಲ್ಲಿ ಹುಟ್ಟಿ, ಹಿಡಿತಕ್ಕೆ ಬಂದ ಒಂದೇ ಅಂಗವಾದ ಎಡಗಾಲಿನಿಂದ ಚಿತ್ರ ಬರೆದು ಲೇಖಕನೂ ಆದ ಕ್ರಿಸ್ಟಿ ಬ್ರೌನ್‌ನ ಬದುಕು ಅದರ ವಸ್ತು. ಪರಿಚಯದ ಹಾಳೆಯನ್ನು ಬರೆದವನು ನಾನು. ಚಿತ್ರೀಕರಣದ ಉದ್ದಕ್ಕೂ ನಟ ಗಾಲಿಕುರ್ಚಿಯಿಂದ ಏಳಲಿಲ್ಲ, ಊಟವನ್ನು ಬೇರೆಯವರೇ ತಿನ್ನಿಸಬೇಕಾಯಿತು, ನೆಲದ ಮೇಲೆ ಹರಡಿದ್ದ ವೈರುಗಳನ್ನು ದಾಟಿಸಲು ಕೆಲಸಗಾರರು ಆತನನ್ನು ಎತ್ತಿಕೊಂಡು ಹೋಗಬೇಕಾಯಿತು, ಮುದುಡಿ ಕುಳಿತು ಪಕ್ಕೆಲುಬು ಮುರಿಯಿತಂತೆ, ಎಂಬುದನ್ನೆಲ್ಲ ಹಾಳೆಯ ಮೊದಲರ್ಧದಲ್ಲೇ ತುಂಬಿದ್ದೆ. ಕತೆಯ ಸಾರಾಂಶಕ್ಕೆ ಆರು ಸಾಲು ಉಳಿದಿತ್ತು.

ಸಭೆ ತುಂಬಿತ್ತು. ಚಿತ್ರ ಮುಗಿದ ಮೇಲಿನ ಚರ್ಚೆ ಮುಕ್ಕಾಲು ಗಂಟೆ ನಡೆಯಿತು. ಇಷ್ಟು ಉದ್ದದ ಚರ್ಚೆ ಅಪರೂಪವೆಂದು ಆ ರಾತ್ರಿ ನಾವು ಬೀಗಿದೆವು. ಮರುದಿನ ಕಾರ್ಯದರ್ಶಿಯವರು ಬರೆದುಕೊಂಡ ಟಿಪ್ಪಣಿ ಓದಿದಾಗ ಮಾತ್ರ ವಿಷಯ ತಿಳಿಯಾಯಿತು. ಮಾತಾಡಿದ ಹದಿಮೂರು ಮಂದಿಯಲ್ಲಿ ಹತ್ತು ಮಂದಿ ಹಾಳೆಯಲ್ಲಿದ್ದುದನ್ನೇ ತಿರುಗಿಸಿ ಹೇಳಿದ್ದರು. ಚಿತ್ರದ ಮೊದಲ ದೃಶ್ಯದಲ್ಲಿ ಒಂದು ಕಾಲು ಗ್ರಾಮಫೋನ್ ತಟ್ಟೆಯನ್ನು ಹೊದಿಕೆಯಿಂದ ಬೆರಳುಗಳಲ್ಲೇ ಹೊರಗೆಳೆದು, ಯಂತ್ರದ ಮೇಲಿಟ್ಟು, ಸೂಜಿಯನ್ನು ಇಳಿಸುವ ಆ ನಿಧಾನದ ಬಗ್ಗೆ ಯಾರೂ ಮಾತಾಡಿರಲಿಲ್ಲ. ಹೋಟೆಲಿನ ಊಟದ ಮೇಜಿನಲ್ಲಿ ತಾನು ಪ್ರೀತಿಸಿದವಳು ಬೇರೊಬ್ಬನನ್ನು ಮದುವೆಯಾಗುತ್ತಿದ್ದಾಳೆಂದು ತಿಳಿದಾಗ, ಕ್ರಿಸ್ಟಿಯ ಮಾತು ಮೊದಲು ತೊದಲಾಗಿ, ಆಮೇಲೆ ಹರಿತವಾಗಿ, ಕೊನೆಗೆ ಇಡೀ ಮೇಜನ್ನು ಮುಜುಗರಕ್ಕೆ ದೂಡುವ ಆ ಏರುವಿಕೆಯನ್ನೂ ಯಾರೂ ಎತ್ತಿರಲಿಲ್ಲ.

ಇನ್ನೊಂದು ಸಂಗತಿ ನನಗೆ ಹೆಚ್ಚು ಕುಟುಕಿತು. ಮೂವರು ಒಂದೇ ದೃಶ್ಯವನ್ನು ಡೇ-ಲೂಯಿಸ್‌ನ ಅಭಿನಯದ ಶಿಖರವೆಂದು ಹೊಗಳಿದ್ದರು: ಎಡಗಾಲಿನ ಬೆರಳುಗಳಲ್ಲಿ ಸೀಮೆಸುಣ್ಣ ಹಿಡಿದು ನೆಲದ ಮೇಲೆ 'ತಾಯಿ' ಎಂದು ಬರೆಯುವ ದೃಶ್ಯ. ಆ ದೃಶ್ಯದಲ್ಲಿ ಡೇ-ಲೂಯಿಸ್ ಇಲ್ಲವೇ ಇಲ್ಲ. ಬಾಲಕ ಕ್ರಿಸ್ಟಿಯಾಗಿ ನಟಿಸಿದವನು ಹ್ಯೂ ಓಕಾನರ್ ಎಂಬ ಹುಡುಗ. ಕಣ್ಣೆದುರಿನ ತೆರೆಯ ಮೇಲೆ ಬೇರೆ ಮುಖವಿದ್ದರೂ ಹೊಗಳಿಕೆ ಹಾಳೆಯಲ್ಲಿದ್ದ ಹೆಸರಿಗೇ ಹೋಗಿ ಸೇರಿತ್ತು.

ಅದೇ ಸಂಜೆ, ಎಲ್ಲರೂ ಕುರ್ಚಿ ಮಡಚುತ್ತಿದ್ದಾಗ, ಸದಸ್ಯೆಯೊಬ್ಬರು ನನ್ನ ಬಳಿ ಬಂದರು. ಅವರ ಮಗನಿಗೂ ಸೆರೆಬ್ರಲ್ ಪಾಲ್ಸಿ ಇದೆ. ಆಗ ಅವನಿಗೆ ಇಪ್ಪತ್ತರ ಆಸುಪಾಸು. "ವೈರು ದಾಟಿಸುವುದಕ್ಕೆ ಅವರನ್ನು ಎತ್ತಿಕೊಂಡು ಹೋದರು ಅಂತ ಬರೆದಿದ್ದೀರಿ ಸರ್. ನನ್ನ ಮಗನಿಗೂ ಈ ಸಿನಿಮಾ ನೋಡುವ ಆಸೆ ಇತ್ತು. ಈ ಏಳು ಮೆಟ್ಟಿಲು ಹತ್ತಿಸುವವರು ಯಾರೂ ಇರಲಿಲ್ಲ, ಬಿಟ್ಟು ಬಂದೆ" ಎಂದರು. ದೂರುವ ದನಿಯಲ್ಲಿ ಹೇಳಲಿಲ್ಲ. ನಾನು ಏನೋ ಸಮಾಧಾನದ ಮಾತು ಹೇಳಿದೆ. ಏನೆಂಬುದು ನೆನಪಿಲ್ಲದಿರುವುದೇ ಒಳ್ಳೆಯದು. ಸಮಿತಿಯ ಮುಂದಿನ ಸಭೆಯ ನಡಾವಳಿಯಲ್ಲಿ ಈ ಮಾತು ದಾಖಲಾಗಲಿಲ್ಲ.

ಸಮಸ್ಯೆ ಬಲಿತದ್ದು

ಎರಡನೆಯ ಚಿತ್ರ 'ಇನ್ ದ ನೇಮ್ ಆಫ್ ದ ಫಾದರ್' (1993). 1974ರ ಗಿಲ್ಡ್‌ಫರ್ಡ್ ಬಾಂಬ್ ಸ್ಫೋಟದ ಸುಳ್ಳು ಆರೋಪದಲ್ಲಿ ಸಿಕ್ಕಿ, ಮಾಡದ ಅಪರಾಧಕ್ಕೆ 1989ರವರೆಗೆ ಜೈಲಿನಲ್ಲಿದ್ದ ಬೆಲ್‌ಫಾಸ್ಟಿನ ಜೆರ್ರಿ ಕಾನ್ಲನ್‌ನ ಪಾತ್ರ. ಹಾಳೆಯನ್ನು ಬದಲಿಸಬೇಕೆಂದು ನಮಗೆ ತೋಚಲಿಲ್ಲ. ಪಾತ್ರಕ್ಕಾಗಿ ನಟ ತೂಕ ಇಳಿಸಿದ್ದು, ಸೆರೆಮನೆಯ ಕೋಣೆಯಲ್ಲಿ ನಿದ್ದೆಗೆಟ್ಟು ಕಳೆದದ್ದು ಎಂಬ ವಿವರಗಳು ಮತ್ತೆ ಬಂದವು. ಚರ್ಚೆಯೂ ಮತ್ತೆ ಅಲ್ಲೇ ಸುತ್ತಿತು. ತಂದೆ ಜುಸೆಪ್ಪೆಯಾಗಿ ನಟಿಸಿದ ಪೀಟ್ ಪಾಸಲ್‌ತ್ವೇಟ್‌ನ ಮೆಲುದನಿಯ ಎದುರು ಮಗನ ಅಬ್ಬರ ಹೇಗೆ ವರ್ಷ ಕಳೆದಂತೆ ಇಳಿಯುತ್ತದೆ, ಚಿತ್ರದ ಆರಂಭದಲ್ಲಿ ಮೈಯೆಲ್ಲ ಚಡಪಡಿಕೆಯಾಗಿದ್ದ ಹುಡುಗ ಕೊನೆಗೆ ಹೇಗೆ ತಂದೆಯ ನಿಲುವನ್ನೇ ತನ್ನದಾಗಿಸಿಕೊಳ್ಳುತ್ತಾನೆ ಎಂಬುದನ್ನು ನಿವೃತ್ತ ಅಧ್ಯಾಪಕಿಯೊಬ್ಬರು ಹೇಳತೊಡಗಿದರು. "ಅದಿರಲಿ ಮೇಡಂ, ಅಷ್ಟು ದಿನ ನಿದ್ದೆಗೆಟ್ಟರೆ ಆರೋಗ್ಯ ಏನಾಗಬೇಕು?" ಎಂದು ಯಾರೋ ಕೇಳಿದರು. ಅವರು ಕೂತುಬಿಟ್ಟರು.

ಮುಂದಿನ ಎರಡು ವಾರಗಳಲ್ಲಿ ನಾಟಕ ತಂಡದ ಹುಡುಗನೊಬ್ಬ ಅಂಧನ ಪಾತ್ರಕ್ಕೆ ತಯಾರಾಗಲೆಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓಡಾಡತೊಡಗಿದ. ನಾಲ್ಕನೆಯ ದಿನ, ತಾಲೀಮಿಗೆ ಬರುವಾಗ, ಅದೇ ಏಳು ಮೆಟ್ಟಿಲುಗಳಲ್ಲಿ ಎಡವಿ ಬಿದ್ದು ಮಣಿಕಟ್ಟು ಮುರಿದುಕೊಂಡ. ನಾಟಕ ಒಂದು ತಿಂಗಳು ಮುಂದೆ ಹೋಯಿತು. ಆಸ್ಪತ್ರೆಯಲ್ಲಿ ನಾಟಕದ ನಿರ್ದೇಶಕರು ಗದರಿಸಿದಾಗ ಅವನು ನಮ್ಮ ಹಾಳೆಯನ್ನು ಉಲ್ಲೇಖಿಸಿದನಂತೆ. ಪೆಟ್ಟಿಗಿಂತ ಹೆಚ್ಚಾಗಿ ಅವನಿಗೆ ಹೆಮ್ಮೆಯೇ ಇತ್ತೆಂದು ನಿರ್ದೇಶಕರು ನಮಗೆ ಹೇಳಿದ ರೀತಿಯಲ್ಲಿ ಆಕ್ಷೇಪ ಸ್ಪಷ್ಟವಾಗಿತ್ತು.

ಸಮಿತಿ ಅಂದು ರಾತ್ರಿಯೇ ಸೇರಿತು. ಒಬ್ಬರು ಸರಣಿಯನ್ನೇ ನಿಲ್ಲಿಸೋಣವೆಂದರು. ಇನ್ನೊಬ್ಬರು, ಆ ನಟನ ಶ್ರದ್ಧೆ ನಿಜವಾದದ್ದು, ಅದನ್ನು ಮುಚ್ಚಿಡುವುದು ಸುಳ್ಳು ಹೇಳಿದಂತಾಗುತ್ತದೆ ಎಂದರು. ಎರಡೂ ಮಾತಿನಲ್ಲಿ ಹುರುಳಿತ್ತು. ಕೊನೆಗೆ ನಾವು ತೆಗೆದುಕೊಂಡ ತೀರ್ಮಾನ, ಈಗ ಹಿಂದಿರುಗಿ ನೋಡಿದರೆ, ಅರೆಬೆಂದದ್ದು: ಹಾಳೆಯಲ್ಲಿ ತಯಾರಿಯ ಕತೆ ಒಂದೂ ಇರಕೂಡದು, ಊರು, ಇಸವಿ, ಪಾತ್ರಗಳ ಹೆಸರು, ಕತೆಯ ಎಳೆ ಇಷ್ಟೇ ಸಾಕು.

ಮೌನ ಮಾಡಿದ್ದು, ಮೌನದಲ್ಲಿ ಕಂಡದ್ದು

ಮೂರನೆಯ ಚಿತ್ರ ಪಾಲ್ ಥಾಮಸ್ ಆ್ಯಂಡರ್ಸನ್ ನಿರ್ದೇಶಿಸಿದ 'ದೇರ್ ವಿಲ್ ಬಿ ಬ್ಲಡ್'. ಬೋಳಿಸಿದ ಹಾಳೆಯನ್ನು ಹಂಚಿದೆವು. ಫಲ ಚೆನ್ನಾಗಿರಲಿಲ್ಲ. ಸದಸ್ಯರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಮೊದಲೇ ಹತ್ತಾರು ದಂತಕತೆಗಳನ್ನು ಹರಿಯಬಿಟ್ಟಿದ್ದರು. ಅವುಗಳಲ್ಲಿ ಕೆಲವು ಈ ಚಿತ್ರಕ್ಕೆ ಸಂಬಂಧಿಸಿದವೇ ಅಲ್ಲ. ನಾವು ಬಾಯಿ ಮುಚ್ಚಿಕೊಂಡದ್ದರಿಂದ ಕತೆಗಳು ನಿಲ್ಲಲಿಲ್ಲ, ನಮ್ಮ ಕೈತಪ್ಪಿದವು ಅಷ್ಟೆ. ಚಿತ್ರವೂ ಎರಡೂವರೆ ಗಂಟೆ ಮೀರಿದ್ದು, ನಡುವೆ ಕರೆಂಟು ಹೋಗಿ ಇಪ್ಪತ್ತು ನಿಮಿಷ ಕತ್ತಲಲ್ಲಿ ಕೂತದ್ದು ಬೇರೆ.

ಆ ಕತ್ತಲಲ್ಲಿ ನಿವೃತ್ತ ಅಧ್ಯಾಪಕಿ ನನಗೊಂದು ಸಲಹೆ ಕೊಟ್ಟರು. ಚರ್ಚೆ ಬೇಡ, ಚಿತ್ರ ಮುಗಿದ ಮೇಲೆ ಒಂದೇ ದೃಶ್ಯವನ್ನು ಶಬ್ದವಿಲ್ಲದೆ ಮತ್ತೊಮ್ಮೆ ತೋರಿಸಿ, ಏನು ಕಂಡಿತು ಎಂದಷ್ಟೇ ಕೇಳಿ. ಇಡೀ ಸರಣಿಯ ದಿಕ್ಕು ತಿರುಗಿದ್ದು ಇಲ್ಲಿ.

ಆರಿಸಿದ್ದು ಚರ್ಚಿನ ದೃಶ್ಯ. ಪೈಪು ಹಾಯಿಸಲು ಬೇಕಾದ ಜಮೀನಿಗಾಗಿ ಎಣ್ಣೆ ವ್ಯಾಪಾರಿ ಡೇನಿಯಲ್ ಪ್ಲೇನ್‌ವ್ಯೂ ತಾನು ನಂಬದ ದೇವರ ಮುಂದೆ ಮಂಡಿಯೂರಿ, ಮಗನನ್ನು ತೊರೆದೆನೆಂದು ಎಲ್ಲರೆದುರು ಕೂಗಿ ಒಪ್ಪಿಕೊಳ್ಳಬೇಕಾಗುತ್ತದೆ; ತರುಣ ಪ್ರವಾದಿ ಈಲೈ ಅವನ ಕೆನ್ನೆಗೆ ಬಾರಿಸುತ್ತಾನೆ. ಶಬ್ದವಿದ್ದಾಗ ಈ ದೃಶ್ಯ ಅಬ್ಬರದ್ದಾಗಿ ಕಾಣುತ್ತದೆ. ಶಬ್ದ ತೆಗೆದಾಗ ಸಭೆಯಲ್ಲಿ ಬೇರೆಯದೇ ಮಾತು ಹುಟ್ಟಿತು. ಮೊದಮೊದಲು ಅವನ ಮುಖದಲ್ಲಿ ವ್ಯಾಪಾರದ ಲೆಕ್ಕವಿದೆ, ಮಗನ ಮಾತು ಬಂದಾಗ ಆ ಲೆಕ್ಕ ಒಂದು ಕ್ಷಣ ತಪ್ಪುತ್ತದೆ, ಆಮೇಲೆ ಆ ತಪ್ಪಿದ್ದನ್ನು ಮುಚ್ಚಲು ಅವನು ಇನ್ನೂ ಜೋರಾಗಿ ಕೂಗುತ್ತಾನೆ ಎಂದು ಬ್ಯಾಂಕಿನ ನಿವೃತ್ತ ಉದ್ಯೋಗಿಯೊಬ್ಬರು ಹೇಳಿದರು. ಬಹಳ ವರ್ಷ ಸಾಲ ವಸೂಲಿಯ ಕೆಲಸ ಮಾಡಿದವರು ಅವರು. ಮುಖ ಓದುವುದು ಗೊತ್ತಿತ್ತು. ಇನ್ನೊಬ್ಬರು ಕುಂಟುವಿಕೆಯನ್ನು ಎತ್ತಿದರು. 1898ರಲ್ಲಿ ನಡೆಯುವ ಆರಂಭದ ಭಾಗದಲ್ಲಿ, ಮಾತೇ ಇಲ್ಲದ ಹದಿನೈದು ನಿಮಿಷಗಳಷ್ಟು ಹೊತ್ತಿನೊಳಗೆ, ಪ್ಲೇನ್‌ವ್ಯೂ ಗಣಿಯ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡು ತೆವಳುತ್ತಾನೆ. ಕತೆ 1927ಕ್ಕೆ ಬಂದು ಮುಗಿಯುವಾಗಲೂ ಆ ಕಾಲು ಸರಿಯಾಗಿಲ್ಲ. ಚಿತ್ರ ಅದನ್ನು ಎಲ್ಲೂ ಎತ್ತಿ ತೋರಿಸುವುದಿಲ್ಲ, ನಟ ಅದನ್ನು ಬಿಟ್ಟುಕೊಡುವುದೂ ಇಲ್ಲ. ಅಷ್ಟು ಹೊತ್ತು ಒಂದು ಗಾಯವನ್ನು ಮರೆಯದೆ ಹೊತ್ತದ್ದನ್ನು ಶ್ರದ್ಧೆಯೆಂದು ಕರೆಯಲು ನಮ್ಮವರಿಗೆ ಹಾಳೆಯ ನೆರವು ಬೇಕಾಗಲಿಲ್ಲ.

ಆಗ ಯಕ್ಷಗಾನದ ಹಿರಿಯರು ಮಾತಾಡಿದರು. ತೆಂಕುತಿಟ್ಟಿನ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಮಾಡಿದವರು ಅವರು. ಅಕ್ಕಿಹಿಟ್ಟಿನ ಚುಟ್ಟಿಯನ್ನು ಒಂದೊಂದಾಗಿ ಮುಖದ ಮೇಲೆ ಇಡುತ್ತ, ವೇಷ ಕಟ್ಟುವ ಚೌಕಿಯಲ್ಲಿ ಗಂಟೆಗಟ್ಟಲೆ ಕೂರಬೇಕು. "ಆ ಹೊತ್ತಿನಲ್ಲಿ ನಾನು ಪಕ್ಕದವನ ಹತ್ತಿರ ಅಡಕೆ ರೇಟು ಮಾತಾಡಿದ್ದುಂಟು. ತೆರೆ ಸರಿದ ಮೇಲೆ ಅಡಕೆ ನೆನಪಿಲ್ಲ. ಈ ಪುಣ್ಯಾತ್ಮ ಚೌಕಿಯಲ್ಲೂ ರಾಕ್ಷಸನಾಗಿಯೇ ಕೂರುತ್ತಾನೆ ಅಂತಲ್ಲವಾ ನೀವು ಹೇಳುವುದು? ಅವನಿಗೆ ಹಾಗೆ ಬೇಕಾಗಿರಬಹುದು. ಎದುರು ಕೂತವನಿಗೆ ಕಾಣುವುದು ರಂಗಸ್ಥಳ ಮಾತ್ರ" ಎಂದರು. ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಕೊಂಡಿದ್ದ ಹುಡುಗ, ಚೌಕಿಯಲ್ಲಿ ರಾಕ್ಷಸನಾಗಿಯೇ ಕೂತಿದ್ದರೆ ರಂಗಸ್ಥಳದಲ್ಲಿ ಇನ್ನೂ ಚೆನ್ನಾಗಿ ಆಗುತ್ತಿತ್ತೋ ಏನೋ ಎಂದು ಎದುರಾಡಿದ. ಹಿರಿಯರು ನಕ್ಕು, ಇರಬಹುದು ಮಾರಾಯ, ಎಂದರು. ಆ ವಾದ ಅಂದು ಇತ್ಯರ್ಥವಾಗಲಿಲ್ಲ. ನನಗೆ ತಿಳಿದ ಮಟ್ಟಿಗೆ ಇಂದಿಗೂ ಆಗಿಲ್ಲ.

ಪಟ್ಟಿ ಬದಲಿಸಿದ್ದು

ನಾಲ್ಕನೆಯದಾಗಿ 'ಲಿಂಕನ್' ತೋರಿಸಬೇಕಿತ್ತು. ಲಿಂಕನ್‌ನ ದನಿ ತೆಳುವಾಗಿ ಏರುಸ್ಥಾಯಿಯಲ್ಲಿತ್ತೆಂಬ ಸಮಕಾಲೀನರ ಬರಹಗಳನ್ನು ನಂಬಿ, ಪ್ರತಿಮೆಗಳಿಗೆ ಒಪ್ಪುವ ಗಂಭೀರ ಕಂಠವನ್ನು ಬಿಟ್ಟುಕೊಟ್ಟ ಆ ಅಭಿನಯ ನನಗೆ ತುಂಬ ಇಷ್ಟ. ಆದರೆ ದನಿಯ ಸೂಕ್ಷ್ಮ ತಿಳಿಯಬೇಕಾದರೆ ಅಮೆರಿಕದ ಸಂಸತ್ತಿನ ವಾದವಿವಾದ ಕಿವಿಗೆ ನಿಲುಕಬೇಕು. ಅಡಿಬರಹ ಓದುವವರಿಗೆ ಅದು ದಕ್ಕದು. ಅದರ ಬದಲು ಅಧ್ಯಾಪಕಿ ಸೂಚಿಸಿದ್ದು, ಯಾವ ಪಾಡಿನ ಕತೆಯೂ ಅಂಟಿಕೊಂಡಿರದ, ಆತನ ಆರಂಭದ ಎರಡು ಚಿತ್ರಗಳು: 'ಎ ರೂಮ್ ವಿತ್ ಎ ವ್ಯೂ' ಮತ್ತು 'ಮೈ ಬ್ಯೂಟಿಫುಲ್ ಲಾಂಡ್ರೆಟ್'. 1986ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಇವೆರಡೂ ಒಂದೇ ದಿನ ತೆರೆಕಂಡವು. ಒಂದರಲ್ಲಿ ಆತ ಮೂಗಿನ ತುದಿಗೆ ಕನ್ನಡಕ ಸಿಕ್ಕಿಸಿಕೊಂಡ, ಪುಸ್ತಕದ ಹುಳುವಾದ, ಪ್ರೀತಿಸಲು ಬಾರದ ಶ್ರೀಮಂತ ಸೆಸಿಲ್. ಇನ್ನೊಂದರಲ್ಲಿ ಪಾಕಿಸ್ತಾನಿ ಮೂಲದ ಗೆಳೆಯನೊಂದಿಗೆ ದಕ್ಷಿಣ ಲಂಡನ್ನಿನಲ್ಲಿ ಬಟ್ಟೆ ಒಗೆಯುವ ಅಂಗಡಿ ನಡೆಸುವ, ಹಿಂದೆ ಜನಾಂಗದ್ವೇಷಿಗಳ ಗುಂಪಿನಲ್ಲಿದ್ದ ಬೀದಿಯ ಹುಡುಗ ಜಾನಿ.

ಎರಡನೆಯದರಲ್ಲಿ ಇಬ್ಬರು ಗಂಡಸರ ಪ್ರೇಮವಿದೆ. ಶಾಲೆಯ ಕಟ್ಟಡದಲ್ಲಿ ತೋರಿಸಬಹುದೇ ಎಂಬ ಅಳುಕು ನಮ್ಮನ್ನು ಕಾಡಿದ್ದು ನಿಜ. ವಯಸ್ಕ ಸದಸ್ಯರಿಗಷ್ಟೇ ತಿಳಿಸಿ, ಒಬ್ಬ ಸದಸ್ಯರ ಮನೆಯ ಜಗಲಿಯಲ್ಲಿ ತೋರಿಸಿದೆವು. ಧೈರ್ಯದಿಂದ ಹಾಗೆ ಮಾಡಿದೆವೆಂದು ಹೇಳಿಕೊಳ್ಳುವಂತಿಲ್ಲ. ಆದರೆ ಜಗಲಿಗೆ ಮೆಟ್ಟಿಲಿರಲಿಲ್ಲವೆಂಬುದು ಆಮೇಲೆ ನಮ್ಮ ಗಮನಕ್ಕೆ ಬಂತು.

ಎರಡರ ನಡುವೆ ರಿಚರ್ಡ್ ಅಟೆನ್‌ಬರೊ ಅವರ 'ಗಾಂಧಿ' (1982) ಚಿತ್ರದ ಎರಡು ನಿಮಿಷ ತೋರಿಸಿದೆವು. ದಕ್ಷಿಣ ಆಫ್ರಿಕಾದ ಬೀದಿಯಲ್ಲಿ ಗಾಂಧಿ ಮತ್ತು ಚಾರ್ಲಿ ಆ್ಯಂಡ್ರೂಸ್ ನಡೆದು ಬರುವಾಗ ದಾರಿಗಡ್ಡ ನಿಲ್ಲುವ ಪುಂಡ ಹುಡುಗರಲ್ಲಿ ಒಬ್ಬನಿಗೆ, ಮೇಲಿನ ಕಿಟಕಿಯಿಂದ ತಾಯಿ ಕೂಗಿದೊಡನೆ ಮುಖ ಸಪ್ಪಗಾಗುತ್ತದೆ. ಆ ಹುಡುಗ ಡೇ-ಲೂಯಿಸ್. ಶಾಲೆಯ ದಿನಗಳಲ್ಲಿ ಸಾಲಾಗಿ ಕರೆದೊಯ್ದು ತೋರಿಸಿದ್ದ ಆ ಚಿತ್ರವನ್ನು ನೋಡದವರು ಅಲ್ಲಿ ಯಾರೂ ಇರಲಿಲ್ಲ. ಇವನನ್ನು ಕಂಡಿದ್ದವರೂ ಯಾರೂ ಇರಲಿಲ್ಲ. ಜಗಲಿಯಲ್ಲಿ ಗದ್ದಲವೇ ಎದ್ದಿತು.

ಆ ಸಂಜೆಯ ಮಾತು ಸರಣಿಯಲ್ಲೇ ಉತ್ತಮವಾದದ್ದು. ನಿಶ್ಚಿತಾರ್ಥವಾಗಿದ್ದ ಲೂಸಿ ಮದುವೆ ಬೇಡವೆಂದು ಹೇಳಿ ಹೋದ ಮೇಲೆ ಸೆಸಿಲ್ ಮೆಟ್ಟಿಲ ಮೇಲೆ ಕೂತು ತನ್ನ ಬೂಟಿನ ದಾರ ಕಟ್ಟಿಕೊಳ್ಳುತ್ತಾನಲ್ಲ, ಅದುವರೆಗೆ ನಗೆಪಾಟಲಾಗಿದ್ದವನ ಮೇಲೆ ಅಲ್ಲಿ ಮರುಕ ಹುಟ್ಟುತ್ತದೆ, ಹೇಗೆಂದು ತಿಳಿಯಲಿಲ್ಲ, ಎಂದು ಕಾಲೇಜು ವಿದ್ಯಾರ್ಥಿನಿಯೊಬ್ಬಳು ಹೇಳಿದಳು. ಹೇಗೆಂದು ಹುಡುಕುವುದರಲ್ಲೇ ಅರ್ಧ ಗಂಟೆ ಕಳೆಯಿತು. ಯಾರೂ ಪಕ್ಕೆಲುಬಿನ ಸುದ್ದಿ ತೆಗೆಯಲಿಲ್ಲ.

ಐದನೆಯದು 'ಫ್ಯಾಂಟಮ್ ಥ್ರೆಡ್' (2017). ಇಲ್ಲಿ ತಯಾರಿಯ ಕತೆಯನ್ನು ಮರಳಿ ತಂದೆವು, ಆದರೆ ಹಾಳೆಯನ್ನು ಚಿತ್ರ ಮುಗಿದ ಮೇಲೆ ಹಂಚಿದೆವು. ವಸ್ತ್ರವಿನ್ಯಾಸಕ ರೆನಾಲ್ಡ್ಸ್ ವುಡ್‌ಕಾಕ್ ಹೊಸದಾಗಿ ಪರಿಚಯವಾದ ಆಲ್ಮಾಳ ಅಳತೆ ತೆಗೆಯುವ ದೃಶ್ಯದ ಬಗ್ಗೆ ನಮ್ಮ ಟೈಲರ್ ಮೊದಲು ಮಾತಾಡಿದರು: ಅಂಕಿ ಕೂಗುತ್ತ ಹೋಗುವುದು, ಅಕ್ಕ ಬರೆದುಕೊಳ್ಳುವುದು, ಎದುರು ನಿಂತವಳು ಹೆಣ್ಣೆಂಬುದೇ ಆ ಹೊತ್ತಿಗೆ ಮರೆತುಹೋಗಿರುವುದು, ಇದು ಕೆಲಸ ಗೊತ್ತಿರುವವನ ಕೈ, ಎಂದರು. ಆಮೇಲೆ ಹಾಳೆ ಓದಿದರು. ನ್ಯೂಯಾರ್ಕ್ ಸಿಟಿ ಬ್ಯಾಲೆಯ ವಸ್ತ್ರವಿಭಾಗದಲ್ಲಿ ಆತ ಹೊಲಿಗೆ ಕಲಿತದ್ದು, ಹೆಸರಾಂತ ವಸ್ತ್ರವಿನ್ಯಾಸಕ ಬಾಲೆನ್ಸಿಯಾಗಾನ ಒಂದು ಉಡುಪನ್ನು ನೋಡಿ ಮೊದಲಿನಿಂದ ಹೊಲಿದದ್ದು ಅದರಲ್ಲಿತ್ತು. "ಹಾಗಾದರೆ ಸರಿಯೇ ಹೇಳಿದೆ" ಎಂದು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು.

ಉಳಿದದ್ದು

ಇಂಥ ಸರಣಿ ಮಾಡಹೊರಟ ಬೇರೆ ಊರಿನವರು ಕೇಳಿದಾಗ ನಾನು ಹೇಳುವುದು ಮೂರು ಮಾತು. ತಯಾರಿಯ ಕತೆಗಳನ್ನು ಬಚ್ಚಿಡಬೇಡಿ, ಚಿತ್ರದ ಹಿಂದಕ್ಕೆ ಸರಿಸಿ. ಹೊಲಿಗೆಯಂತೆ ಕೈಯಲ್ಲಿ ಕಾಣುವ ತಯಾರಿಯನ್ನೂ, ಗಾಲಿಕುರ್ಚಿ ಬಿಡದಿದ್ದುದರಂತೆ ಸುದ್ದಿಯಾಗಿ ಮಾತ್ರ ತಲುಪುವ ತಯಾರಿಯನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಗಾಲಿಕುರ್ಚಿಯ ಹಟ ಆ ಅಭಿನಯಕ್ಕೆ ನೆರವಾಗಲಿಲ್ಲವೆಂದು ನಾನು ಹೇಳುತ್ತಿಲ್ಲ. ಎಷ್ಟು ನೆರವಾಯಿತೆಂದು ಅಳೆಯುವ ಉಪಾಯ ಪ್ರೇಕ್ಷಕನ ಕೈಯಲ್ಲಿಲ್ಲ. ಮತ್ತೆ, ಮೊದಲ ಚಿತ್ರಕ್ಕೆ ಅತಿ ಹೆಚ್ಚು ಹೆಸರಾದದ್ದನ್ನು ಆರಿಸಬೇಡಿ. ಜಗಲಿಯ ಸಂಜೆಯಿಂದ ಆರಂಭಿಸಿದ್ದರೆ ನಮ್ಮ ಅರ್ಧ ತೊಡಕು ಹುಟ್ಟುತ್ತಲೇ ಇರಲಿಲ್ಲ. ಹುಡುಗನ ಮಣಿಕಟ್ಟಿನ ವಿಚಾರದಲ್ಲಿ ಮಾತ್ರ ನನಗೆ ಅಷ್ಟು ಖಚಿತವಿಲ್ಲ. ನಮ್ಮ ಹಾಳೆ ಇರದಿದ್ದರೂ ಅವನು ಬೇರೆಲ್ಲಾದರೂ ಆ ಕತೆಯನ್ನು ಓದಿಯೇ ಓದುತ್ತಿದ್ದ.

ಮೆಟ್ಟಿಲುಗಳ ಮಾತು ಐದು ತಿಂಗಳ ಕೊನೆಗೆ ನಡಾವಳಿ ಪುಸ್ತಕ ಸೇರಿತು. ಶಾಲೆಯವರು ಇಳಿಜಾರು ಕಟ್ಟಲು ಒಪ್ಪಿದರು, ಕಟ್ಟಿಲ್ಲ. ನಾವು 'ಮೈ ಲೆಫ್ಟ್ ಫುಟ್' ಚಿತ್ರವನ್ನು ಅದೇ ಜಗಲಿಯಲ್ಲಿ ಇನ್ನೊಮ್ಮೆ ತೋರಿಸಿದೆವು. ಆ ಸದಸ್ಯೆಯ ಮಗ ತನ್ನ ಕುರ್ಚಿಯಲ್ಲಿ ಮುಂದಿನ ಸಾಲಿಗೆ ಬಂದ. ಕ್ರಿಸ್ಟಿ ತನ್ನನ್ನು ನೋಡಿಕೊಳ್ಳಲು ಕೂತ ನರ್ಸಿನ ಕಣ್ಣು ತಪ್ಪಿಸಿ, ಜೇಬಿನಲ್ಲಿ ಅಡಗಿಸಿದ ವಿಸ್ಕಿಯನ್ನು ಸ್ಟ್ರಾದಲ್ಲಿ ಹೀರುವ ದೃಶ್ಯಕ್ಕೆ ಮೊದಲ ಸಲ ನಮ್ಮ ಸಭಾಂಗಣದಲ್ಲಿ ಯಾರೂ ತುಟಿ ಬಿಚ್ಚಿರಲಿಲ್ಲ. ಎಲ್ಲರೂ ಗೌರವದಿಂದ ಉಸಿರು ಬಿಗಿಹಿಡಿದು ಕೂತಿದ್ದರು. ಅವನು ಜಗಲಿ ಅದುರುವಂತೆ ನಕ್ಕ. ಅವನ ತಾಯಿ ಶ್ಶ್ ಎಂದರು. ಅವನು ನಿಲ್ಲಿಸಲಿಲ್ಲ, ಸ್ವಲ್ಪ ಹೊತ್ತಿನಲ್ಲಿ ಹಿಂದಿನ ಸಾಲುಗಳಿಂದಲೂ ನಗು ಕೇಳಿಸಿತು.